ಪಿಟೀಲು ಬರೀ ಒಗ್ಗರಣೆಯಲ್ಲ
ಸಾರ್, ಆಸ್ಟ್ರೇಲಿಯಾದ ಮೆಲ್ಬರ್ನ್‌ನ ಮೆಟಲ್ (ಅಬ್ಬರದ ರಾಕ್ ಸಂಗೀತ) ತಂಡ ನೆ ಒಬ್ಲಿವಿಸ್ಕಾರಿಸ್ ಬಗ್ಗೆ ನಿಮ್ಮ ಲೇಖನವನ್ನು ಕನ್ನಡದಲ್ಲಿ ಓದಿದ್ದೇ ಖುಷಿ. ಆದರೆ ಅವರ ಪಿಟೀಲನ್ನು 'ಮೆಟಲ್ ಮೇಲಿನ ಒಗ್ಗರಣೆ' ಅಂದುಬಿಟ್ಟಿರಲ್ಲ, ಅದನ್ನು ಒಪ್ಪಲಾರೆ. ಅವರ ಆಲ್ಬಮ್‌ಗಳಲ್ಲಿ ಗಾಯಕ ಜೆನೊಯರ್ ಗಂಟಲು ಹರಿಯುವಂತೆ ಅಬ್ಬರಿಸುವಾಗ ಟಿಮ್ ಚಾರ್ಲ್ಸ್ ಪಿಟೀಲು ಗಿಟಾರಿಗೆ ಸಮಸಮನಾಗಿ ಓಡುತ್ತೆ, ಎಷ್ಟೋ ಕಡೆ ಹಾಡನ್ನು ಎಳೆದೊಯ್ಯೋದೇ ಅದು. ಕಛೇರಿ ಪಿಟೀಲು ಕೇಳಿ ಬೆಳೆದ ನನ್ನ ಕಿವಿಗೆ ಮೊದಲು ಹಿಡಿಸಿದ್ದೂ ಅದೇ. (ಡ್ರಮ್ಸ್ ಒಗ್ಗೋಕೆ ತಿಂಗಳೇ ಬೇಕಾಯ್ತು ಬಿಡಿ!)

ಇನ್ನೊಂದು ವಿಷಯ ಬಿಟ್ಟಿದ್ದೀರಿ. 2003ರಲ್ಲಿ ಶುರುವಾದ ತಂಡದ ಮೊದಲ ಪೂರ್ಣ ಆಲ್ಬಮ್ 'ಪೋರ್ಟಲ್ ಆಫ್ ಐ' ಬಂದದ್ದು 2012ರಲ್ಲಿ. ಒಂಬತ್ತು ವರ್ಷ ಕಾದಿದ್ದಾರೆ! ಆಮೇಲೆ ವಿಶ್ವ ಪ್ರವಾಸಕ್ಕೆ ದುಡ್ಡು ಹಾಕಿದ್ದೂ ಅಭಿಮಾನಿಗಳೇ, ಪೇಟ್ರಿಯಾನ್‌ನಲ್ಲಿ (ಕಲಾವಿದರಿಗೆ ಅಭಿಮಾನಿಗಳು ಹಣ ಕೊಡುವ ಜಾಲತಾಣ) ತಿಂಗಳು ತಿಂಗಳು ಚಂದಾ ಕಟ್ಟಿದ್ದೂ ಅವರೇ.