ಕಟ್ಟಿಸಿದವರು ಪೂರ್ಣಯ್ಯ, ಹೆಸರು ಮಾತ್ರ ವೆಲ್ಲೆಸ್ಲಿಯದು

ಈ ಭಾನುವಾರ ಬೆಳಿಗ್ಗೆ ಶ್ರೀರಂಗಪಟ್ಟಣದ ವೆಲ್ಲೆಸ್ಲಿ ಸೇತುವೆಯ ಬಳಿ ಶಾಲಾ ಮಕ್ಕಳ ಗುಂಪೊಂದು ಬಂದಿತ್ತು. ಜೊತೆಯಲ್ಲಿದ್ದವರು, “ಇದು ಬ್ರಿಟಿಷರು ಕಟ್ಟಿದ್ದು, ಅದಕ್ಕೇ ಇಷ್ಟು ಗಟ್ಟಿ” ಎಂದು ಒಂದೇ ಮಾತಿನಲ್ಲಿ ಹೇಳಿ ಮುಂದೆ ನಡೆದರು. ಪಕ್ಕದ ಗಂಜಾಂನಲ್ಲಿ ಬೆಳೆದ ನನಗೆ ಆ ಮಾತು ಎಷ್ಟು ನೋಯಿಸಿತೆಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ.

1799ರ ಮೇ 4ರಂದು ಟಿಪ್ಪು ಮಡಿದು ಕೋಟೆ ಬಿದ್ದ ಮೇಲೆ, ಇನ್ನೂ ಬಾಲಕರಾಗಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರ ಹೆಸರಿನಲ್ಲಿ ರಾಜ್ಯಭಾರ ನಡೆಸಿದವರು ದಿವಾನ್ ಪೂರ್ಣಯ್ಯ. 1804ರಲ್ಲಿ ಈ ಸೇತುವೆ ಎದ್ದು ನಿಂತದ್ದು ಅವರ ಉಸ್ತುವಾರಿಯಲ್ಲಿ. ಹೆಸರಿಟ್ಟದ್ದು ಆಗಿನ ಗವರ್ನರ್ ಜನರಲ್ ರಿಚರ್ಡ್ ವೆಲ್ಲೆಸ್ಲಿಯ ಗೌರವಾರ್ಥ. ಪಟ್ಟಣದ ಮುತ್ತಿಗೆಯಲ್ಲಿದ್ದ ಅವನ ತಮ್ಮ ಆರ್ಥರ್‌ನದೆಂದು ಹೇಳುವವರೂ ಇದ್ದಾರೆ. ಹೆಸರು ಅಣ್ಣನದೋ ತಮ್ಮನದೋ, ಅದರಿಂದ ಕಟ್ಟಿಸಿದವರು ಬದಲಾಗುವುದಿಲ್ಲ.

ಇದು ಬ್ರಿಟಿಷರ ಕೆಲಸವಲ್ಲ ಎಂಬುದಕ್ಕೆ ಕಾಗದಪತ್ರಗಳನ್ನೇ ಹುಡುಕಬೇಕಾಗಿಲ್ಲ, ಸೇತುವೆಯ ಕೆಳಗಿಳಿದು ತಲೆಯೆತ್ತಿ ನೋಡಿದರೆ ಸಾಕು. ಅಲ್ಲಿ ಕಮಾನುಗಳಿಲ್ಲ. ನೀರಿನಲ್ಲಿ ಸಾಲಾಗಿ ನೆಟ್ಟ ಕಲ್ಲುಕಂಬಗಳು, ಕಂಬದ ನೆತ್ತಿಯಿಂದ ಮುಂದೆ ಚಾಚಿದ ಬೋದಿಗೆಗಳು, ಅವುಗಳ ಮೇಲೆ ಒರಗಿದ ಕಲ್ಲಿನ ತೊಲೆಗಳು. ನಮ್ಮ ಯಾವುದೇ ದೇವಸ್ಥಾನದ ಮಂಟಪದಲ್ಲಿ ಕಾಣುವ ಕ್ರಮವೂ ಇದೇ. ಕಲ್ಲು ಭಾರವನ್ನು ಹೊರುತ್ತದೆಯೇ ಹೊರತು ಬಾಗುವುದನ್ನು ತಾಳದು. ಆದುದರಿಂದಲೇ ಕಂಬಗಳನ್ನು ಹತ್ತಿರ ಹತ್ತಿರ ನಿಲ್ಲಿಸಿ, ಬೋದಿಗೆ ಚಾಚಿ, ತೊಲೆ ಆಸರೆಯಿಲ್ಲದೆ ನಿಲ್ಲಬೇಕಾದ ಉದ್ದವನ್ನು ಇನ್ನಷ್ಟು ತಗ್ಗಿಸಿದ್ದಾರೆ. ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಆರಂಭವಾಗುವ ತನಕ, ನೂರಕ್ಕೂ ಹೆಚ್ಚು ಮಳೆಗಾಲ, ಕೊಡಗಿನಿಂದ ಬಂದ ಕಾವೇರಿಯ ಪ್ರವಾಹವನ್ನು ತಡೆಯಲು ನಡುವೆ ಅಂಥ ಅಣೆಕಟ್ಟೆಯೇ ಇರಲಿಲ್ಲ. ಈ ಕಂಬಗಳು ಅದಕ್ಕೆಲ್ಲ ಮೈಯೊಡ್ಡಿದವು. 1924ರ ಮಹಾಪೂರವನ್ನೂ ದಾಟಿ ಉಳಿದವು.

ಕಂಪನಿಯ ದಂಡು ಓಡಾಡುವ ಅಗತ್ಯವಿಲ್ಲದಿದ್ದರೆ ಸೇತುವೆಯೇ ಆಗುತ್ತಿರಲಿಲ್ಲವಲ್ಲ ಎಂದು ಗೆಳೆಯರೊಬ್ಬರು ವಾದಿಸಿದರು. ಇರಬಹುದು. ಅಗತ್ಯ ಯಾರದಾದರೂ ಆಗಿರಲಿ, ಕಲ್ಲನ್ನು ಹೀಗೆ ಜೋಡಿಸುವ ವಿದ್ಯೆ ಈ ನೆಲದ್ದು. ಹೈದರ್ ಮತ್ತು ಟಿಪ್ಪು ಇಬ್ಬರ ಕಾಲದಲ್ಲೂ ಲೆಕ್ಕಪತ್ರ ನೋಡಿ ಪಳಗಿದ ಪೂರ್ಣಯ್ಯನವರಿಗೆ ಆಳುವವರನ್ನು ಸಂಭಾಳಿಸುವುದು ಗೊತ್ತಿತ್ತು. ಫಲಕಕ್ಕೆ ಸಾಹೇಬರ ಹೆಸರು ಕೊಟ್ಟು ಜನರಿಗೆ ದಾರಿ ಕೊಟ್ಟರು ಎಂದೇ ನಾನು ತಿಳಿಯುತ್ತೇನೆ.

ಒಂದು ಮಾತನ್ನು ಒಪ್ಪಿಕೊಳ್ಳಬೇಕು. ಬಾಲ್ಯದಲ್ಲಿ ಅದೆಷ್ಟೋ ಬಾರಿ ಅದರ ಮೇಲೆ ನಡೆದ ನಾನು ಮೊದಲ ಬಾರಿ ಕೆಳಗಿಳಿದು ನೋಡಿದ್ದು ನಲವತ್ತು ದಾಟಿದ ಮೇಲೆ. ಅದುವರೆಗೆ ನಾನೂ ಅದನ್ನು ಬ್ರಿಟಿಷರ ಸೇತುವೆ ಎಂದೇ ಕರೆಯುತ್ತಿದ್ದೆ. ಆ ನಾಚಿಕೆ ಇಂದಿಗೂ ಹೋಗಿಲ್ಲ. ಈಗ ಕಲ್ಲಿನ ಸಂದುಗಳಲ್ಲಿ ಅರಳಿ ಸಸಿಗಳು ಬೇರುಬಿಟ್ಟಿವೆ, ಕಂಬದ ಬುಡಕ್ಕೆ ನದಿಯಲ್ಲಿ ಬಿಟ್ಟ ಹಳೆಯ ಬಟ್ಟೆಗಳು ಸುತ್ತಿಕೊಂಡಿವೆ. ಯಾರ ಸೇತುವೆ ಎಂಬುದನ್ನೇ ಮರೆತವರು ಆ ಸಸಿಯನ್ನು ಯಾಕಾದರೂ ಕಿತ್ತಾರು?

ಗುಂಪಿನಿಂದ ಹಿಂದುಳಿದಿದ್ದ ಹುಡುಗನೊಬ್ಬ, “ಅಂಕಲ್, ಕೆಳಗಡೆ ಏನಿದೆ?” ಎಂದು ಕೇಳಿದ. ಅವನ ಮೇಷ್ಟರ ಅನುಮತಿ ಪಡೆದು ದಡಕ್ಕೆ ಕರೆದುಕೊಂಡು ಹೋದೆ. ಮೊದಲ ಕಂಬದ ಮೇಲೆ ಉಳಿಯ ಏಟುಗಳು ಇನ್ನೂ ಸಾಲುಸಾಲಾಗಿ ಉಳಿದಿವೆ. ಅವನು ಒಂದೊಂದರ ಮೇಲೂ ಬೆರಳಿಟ್ಟು ಎಣಿಸತೊಡಗಿದ; ಮೇಷ್ಟರು ಮೇಲಿನಿಂದ ಎರಡು ಬಾರಿ ಕೂಗಿದರೂ ಎಣಿಕೆ ನಿಲ್ಲಿಸಲಿಲ್ಲ.