ಬುಲೆಟಿನ್‌ಗೆ ಸೇರದ ಹಲ್ಲುಗಳು

ಕೊರೊನಾ ಕಾಲದಲ್ಲಿ ದಿನಾ ಸಂಜೆ ಆರೋಗ್ಯ ಇಲಾಖೆಯ ಬುಲೆಟಿನ್ ಬರುತ್ತಿತ್ತು, ನೆನಪಿದೆ ಅಲ್ವಾ? ಯಾವ ಜಿಲ್ಲೆಯಲ್ಲಿ ಎಷ್ಟು ಕೇಸು, ಎಷ್ಟು ಜನ ಗುಣವಾದರು, ಎಷ್ಟು ಜನ ತೀರಿಕೊಂಡರು. ಅದರಲ್ಲಿ ಸೇರದೇ ಹೋದ ಲೆಕ್ಕ ಒಂದಿದೆ. ಉಳಿಸಬಹುದಾಗಿದ್ದ ಎಷ್ಟು ಹಲ್ಲುಗಳು ಆ ಎರಡು ವರ್ಷದಲ್ಲಿ ಟ್ರೇಗೆ ಬಿದ್ದವು ಅನ್ನುವ ಲೆಕ್ಕ.

ಹಾಸನದಲ್ಲಿ ನನ್ನದೊಂದು ಸಣ್ಣ ಮೆಡಿಕಲ್ ಶಾಪ್ ಇದೆ. ಲಾಕ್‌ಡೌನ್‌ನಲ್ಲಿ ಬಾಗಿಲು ತೆಗೆದಿದ್ದ ಕೆಲವೇ ಅಂಗಡಿಗಳಲ್ಲಿ ನಮ್ಮದೂ ಒಂದು. ಹಲ್ಲಿನ ಕ್ಲಿನಿಕ್‌ಗಳೆಲ್ಲ ಮುಚ್ಚಿದ್ದವು. ಸರ್ಕಾರಿ ಆಸ್ಪತ್ರೆಗೆ ಹೋಗುವುದಕ್ಕೆ ಜನಕ್ಕೆ ಭಯ. ಹಾಗಾಗಿ ಹಲ್ಲು ನೋವಿನವರೆಲ್ಲ ಕೊನೆಗೆ ಬಂದು ನಿಲ್ಲುತ್ತಿದ್ದುದು ನಮ್ಮಂಥವರ ಕೌಂಟರ್ ಮುಂದೆ. ನಾನು ಡಾಕ್ಟರಲ್ಲ. ಕೌಂಟರ್ ಹಿಂದೆ ನಿಂತು ಕಂಡಿದ್ದನ್ನು ಇಟ್ಟುಕೊಂಡು ಹೇಳುತ್ತಿದ್ದೇನೆ. ಹಲ್ಲು ನೋವನ್ನು 'ಆಮೇಲೆ ನೋಡಿಕೊಂಡರಾಯಿತು' ಅನ್ನುವ ಪಟ್ಟಿಗೆ ಸೇರಿಸಿದ್ದು ದೊಡ್ಡ ತಪ್ಪು. ಅದಕ್ಕೆ ಬೆಲೆ ಕೊಟ್ಟವರು ಕೈಯಲ್ಲಿ ಕಾಸಿಲ್ಲದವರು.

ಒಂದು ತಮಾಷೆ ನೋಡಿ. 2020ರ ಮಾರ್ಚ್ 25ಕ್ಕೆ ಲಾಕ್‌ಡೌನ್ ಶುರುವಾದಾಗ ನಮ್ಮ ಜಿಲ್ಲೆಯಲ್ಲಿ ಒಂದು ಕೇಸೂ ಇರಲಿಲ್ಲ. ಪಕ್ಕದ ಚಿಕ್ಕಮಗಳೂರಿನಲ್ಲೂ ಇರಲಿಲ್ಲ. ಎರಡೂ ಹಸಿರು ವಲಯ. ಮೇ ಎರಡನೇ ವಾರದಲ್ಲಿ ಮುಂಬೈಯಿಂದ ಬಂದವರಲ್ಲಿ ಸೋಂಕು ಸಿಕ್ಕಿತು. ಅಲ್ಲಿಗೆ ನಮ್ಮ ಜಂಬ ಮುಗಿಯಿತು. ಆದರೆ ಅದಕ್ಕೆ ಮೊದಲಿನ ಆ ಹಸಿರು ದಿನಗಳಲ್ಲೂ ಹಲ್ಲು ತೋರಿಸಲು ಒಂದು ಕುರ್ಚಿ ಸಿಗುತ್ತಿರಲಿಲ್ಲ. ಕೊರೊನಾ ಇಲ್ಲದ ಜಿಲ್ಲೆಯಲ್ಲಿ ಕೊರೊನಾ ಕಾರಣಕ್ಕೆ ಹಲ್ಲು ಹಾಳಾಯಿತು.

ಡಾಕ್ಟರ್‌ಗಳನ್ನು ಬೈಯೋಣ ಅಂದರೆ ಅದೂ ನ್ಯಾಯ ಅಲ್ಲ. ಹಲ್ಲು ಕೊರೆಯುವ ಯಂತ್ರವನ್ನು ಏರೋಟರ್ ಅನ್ನುತ್ತಾರೆ. ನಿಮಿಷಕ್ಕೆ ಮೂರು ನಾಲ್ಕು ಲಕ್ಷ ಸುತ್ತು ತಿರುಗುತ್ತದೆ. ಬಿಸಿ ಏರದಿರಲಿ ಅಂತ ಜೊತೆಗೇ ನೀರು ಚಿಮ್ಮುತ್ತಿರುತ್ತದೆ. ಆಲೂಗಡ್ಡೆ ಗಿಡಕ್ಕೆ ಔಷಧಿ ಹೊಡೆಯುವಾಗ ಪಂಪಿನ ಮೂತಿಯಿಂದ ಹೊರಡುವ ಮಂಜಿನ ಹಾಗೆ ಆ ನೀರು ಬಾಯಿಂದ ಎದ್ದು ಬರುತ್ತದೆ. ಅದರಲ್ಲಿ ಎಂಜಲು ಇರುತ್ತದೆ, ರಕ್ತವೂ ಇರಬಹುದು. ಡಾಕ್ಟರ್ ಮುಖ ಅಲ್ಲಿಂದ ಒಂದಡಿ ದೂರ. ಕಲ್ಲು ತೆಗೆದು ಕ್ಲೀನ್ ಮಾಡುವ ಸ್ಕೇಲರ್ ಕಥೆಯೂ ಇದೇ. ರೋಗಿಗೆ ಮಾಸ್ಕ್ ಹಾಕಿ ಮಾಡುವ ಕೆಲಸವೂ ಅಲ್ಲ ಇದು. ಮಾರ್ಚ್ ತಿಂಗಳಲ್ಲಿ ಎನ್ 95 ಮಾಸ್ಕ್ ನಮಗೆ ಹೋಲ್‌ಸೇಲ್‌ನಲ್ಲೇ ಸಿಗುತ್ತಿರಲಿಲ್ಲ. ಮನೆಯಲ್ಲಿ ವಯಸ್ಸಾದ ಅಪ್ಪ ಅಮ್ಮ ಇರುವ ಡಾಕ್ಟರ್ ಕ್ಲಿನಿಕ್ ಮುಚ್ಚಿದರೆ ಹೇಡಿ ಅನ್ನೋಕಾಗುತ್ತಾ? ಬಾಡಿಗೆ, ಕುರ್ಚಿಯ ಸಾಲದ ಕಂತು ಅವರಿಗೂ ನಿಂತಿರಲಿಲ್ಲ.

ಈಗ ಕೌಂಟರ್ ಮುಂದೆ ಬನ್ನಿ.

ಆಗ ಜ್ವರ, ನೆಗಡಿ, ಕೆಮ್ಮಿನ ಮಾತ್ರೆ ಕೊಂಡವರ ಹೆಸರು, ಫೋನ್ ನಂಬರ್ ನಾವು ಬರೆದುಕೊಳ್ಳಬೇಕಿತ್ತು. ಪ್ಯಾರಾಸಿಟಮಾಲ್ ಕೇಳಿದರೆ ಹಿಂದೆ ನಿಂತವರು ಎರಡು ಹೆಜ್ಜೆ ಹಿಂದಕ್ಕೆ ಹೋಗುತ್ತಿದ್ದರು. ಹಾಗಾಗಿ ಹಲ್ಲು ನೋವಿನವರು ಬಂದ ಕೂಡಲೇ ಎಲ್ಲರಿಗೂ ಕೇಳಿಸುವ ಹಾಗೆ ಹೇಳುತ್ತಿದ್ದರು: "ಜ್ವರಕ್ಕಲ್ಲ ಸಾ, ಹಲ್ಲಿಗೆ! ಬೇಕಾದ್ರೆ ನೋಡಿ." ಮಾಸ್ಕ್ ಕೆಳಗೆಳೆದು ಬಾಯಿ ಅಗಲಿಸಿ ತೋರಿಸಿಯೇ ಬಿಡುತ್ತಿದ್ದರು. ಬೇಡ ಅಂದರೂ ಕೇಳುತ್ತಿರಲಿಲ್ಲ. ಇನ್ನು ನೋವಿನ ಮಾತ್ರೆ ಐಬುಪ್ರೊಫೆನ್ ಕೊಡಲು ಹೋದರೆ ಬೇರೆ ಜಗಳ. ಅದು ತಿಂದರೆ ಕೊರೊನಾ ಜಾಸ್ತಿಯಾಗುತ್ತದೆ ಅಂತ ವಾಟ್ಸಾಪ್‌ನಲ್ಲಿ ಓಡಾಡುತ್ತಿತ್ತು. ಫ್ರಾನ್ಸ್‌ನ ಆರೋಗ್ಯ ಮಂತ್ರಿ ಹೇಳಿದ ಒಂದು ಮಾತಿನಿಂದ ಹುಟ್ಟಿದ ಗಾಬರಿ ಅದು. ಆ ಮಾತ್ರೆ ಬೇಡ ಅಂತ ನಾವು ಹೇಳುವುದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಅದೇ ಮಾರ್ಚ್‌ನಲ್ಲಿ ಸ್ಪಷ್ಟ ಮಾಡಿತು. ಆ ಸ್ಪಷ್ಟನೆಯನ್ನು ಯಾರೂ ಫಾರ್ವರ್ಡ್ ಮಾಡಲಿಲ್ಲ, ಬಿಡಿ.

ಹಲ್ಲು ನೋವು ರಾತ್ರಿ ಜಾಸ್ತಿ. ಮಲಗಿದರೆ ತಲೆಯ ಕಡೆಗೆ ರಕ್ತದ ಒತ್ತಡ ಏರುತ್ತದೆ, ಹಲ್ಲಿನೊಳಗೆ ಊದಿಕೊಂಡ ನರಕ್ಕೆ ಹಿಗ್ಗಲು ಜಾಗ ಇಲ್ಲ. ರಾತ್ರಿಯೆಲ್ಲ ಗೋಡೆಗೊರಗಿ ಕೂತವರ ಕಣ್ಣು ಬೆಳಿಗ್ಗೆ ನೋಡಿದರೇ ಗೊತ್ತಾಗುತ್ತಿತ್ತು. ಲವಂಗ ಇಟ್ಟುಕೊಂಡಾಗಿದೆ, ಉಪ್ಪು ನೀರು ಮುಕ್ಕಳಿಸಿದ್ದಾಗಿದೆ, ಹೊಗೆಸೊಪ್ಪು ಕೂಡ ಒತ್ತಿಕೊಂಡಾಗಿದೆ. ಆಮೇಲೆ ನಮ್ಮಲ್ಲಿಗೆ. ಕೆಲವರು ಯಾರೋ ಡಾಕ್ಟರ್ ವಾಟ್ಸಾಪ್‌ನಲ್ಲಿ ಕಳಿಸಿದ ಚೀಟಿ ತರುತ್ತಿದ್ದರು. ಒಡೆದ ಸ್ಕ್ರೀನಿನ ಮೇಲೆ ಆ ಬರಹವನ್ನು ಓದುವುದೇ ಒಂದು ವಿದ್ಯೆ. ಐದು ದಿನದ ಆ್ಯಂಟಿಬಯಾಟಿಕ್, ಮೂರು ದಿನದ ನೋವಿನ ಮಾತ್ರೆ. ವಾರ ಕಳೆದರೆ ಅದೇ ಮನುಷ್ಯ, ಅದೇ ಚೀಟಿ, "ಇನ್ನೊಂದ್ ಕೋರ್ಸ್ ಕೊಡಿ ಸಾ."

ಜನಕ್ಕೆ ಅರ್ಥ ಮಾಡಿಸುವುದು ಕಷ್ಟವಾಗಿದ್ದು ಇದೇ. ಹುಳುಕು ಹಲ್ಲಿನ ನೋವಿಗೆ ಆ್ಯಂಟಿಬಯಾಟಿಕ್ ಔಷಧಿಯೇ ಅಲ್ಲ. ಒಳಗಿನ ನರ ಸತ್ತ ಮೇಲೆ ಅಲ್ಲಿಗೆ ರಕ್ತ ಹೋಗುವುದಿಲ್ಲ. ರಕ್ತ ಹೋಗದ ಜಾಗಕ್ಕೆ ಮಾತ್ರೆ ಹೇಗೆ ಹೋಗುತ್ತದೆ? ಹಲ್ಲು ತೆರೆದು ಒಳಗಿನದನ್ನು ತೆಗೆಯಬೇಕು, ಇಲ್ಲ ಹಲ್ಲನ್ನೇ ತೆಗೆಯಬೇಕು. ಕೀವು ಹರಡಿ ಜ್ವರ, ಊತ ಬಂದಾಗ ಆ್ಯಂಟಿಬಯಾಟಿಕ್‌ಗೆ ಕೆಲಸ ಇದೆ, ಅದೂ ಜೊತೆಗಾರನಾಗಿ ಮಾತ್ರ. ಶುಗರ್, ಕಿಡ್ನಿ ತೊಂದರೆ ಇರುವವರು ವಾರಗಟ್ಟಲೆ ನೋವಿನ ಮಾತ್ರೆ ನುಂಗುವುದನ್ನು ನೋಡಿದರೆ ನನಗೇ ಹೊಟ್ಟೆಯಲ್ಲಿ ಸಂಕಟ ಆಗುತ್ತಿತ್ತು.

ಅರಕಲಗೂಡು ಕಡೆಯ ಒಬ್ಬ ರೈತರು ಈಗಲೂ ಕಣ್ಣ ಮುಂದೆ ಇದ್ದಾರೆ. ಆಲೂಗಡ್ಡೆ ಬಿತ್ತನೆ ಕಾಲ. ಬಿತ್ತನೆ ಗಡ್ಡೆಗೆ ಅಂತ ಪಾಸ್ ಮಾಡಿಸಿಕೊಂಡು ಹಾಸನಕ್ಕೆ ಬಂದಿದ್ದರು. ಟವೆಲ್ಲನ್ನು ಗದ್ದದ ಕೆಳಗಿಂದ ತಂದು ನೆತ್ತಿಯ ಮೇಲೆ ಗಂಟು ಹಾಕಿದ್ದರು. ಬಲಗಡೆ ದವಡೆ ಊದಿ ಚರ್ಮ ಮಿಂಚುತ್ತಿತ್ತು. ಬಾಯಿ ಎರಡು ಬೆರಳು ಹೋಗುವಷ್ಟೂ ತೆರೆಯುತ್ತಿರಲಿಲ್ಲ. "ಮಾತ್ರೆ ಬೇಡ ಗೌಡ್ರೆ, ಆಸ್ಪತ್ರೆಗೆ ಹೋಗಿ" ಅಂದೆ. "ಅಲ್ಲೋದ್ರೆ ಹದಿನಾಲ್ಕು ದಿನ ಕೂಡಾಕ್ತಾರಂತಲ್ಲಪ್ಪ, ಗಡ್ಡೆ ಯಾರ್ ಹಾಕ್ತಾರೆ?" ಅಂದರು. ಎಂಜಲು ನುಂಗೋಕೆ ಆಗುತ್ತಾ ಅಂತ ಕೇಳಿದೆ. ಕಷ್ಟ ಅಂತ ಕೈಯಲ್ಲೇ ತೋರಿಸಿದರು. ಕೆಳ ಹಲ್ಲಿನ ಕೀವು ನಾಲಿಗೆಯ ಬುಡಕ್ಕೆ, ಕತ್ತಿಗೆ ಇಳಿದರೆ ಉಸಿರೇ ಕಟ್ಟಬಹುದು. ಅದು ಹಲ್ಲು ನೋವಲ್ಲ, ಜೀವದ ವಿಷಯ. ಅವರ ಮಗನಿಗೆ ಫೋನ್ ಮಾಡಿ, ಜೋರು ಮಾಡಿ ಕಳಿಸಿದ್ದಾಯಿತು. ಹಲ್ಲು ಕಿತ್ತು, ಕೀವು ತೆಗೆದು, ಎರಡು ದಿನ ಇಟ್ಟುಕೊಂಡು ಕಳಿಸಿದರಂತೆ.

ಮೇ 19ಕ್ಕೆ ಕೇಂದ್ರ ಆರೋಗ್ಯ ಸಚಿವಾಲಯ ಹಲ್ಲಿನ ಡಾಕ್ಟರ್‌ಗಳಿಗೆ ನಿಯಮ ಹೊರಡಿಸಿತು. ಸೋಂಕು ಸಿಕ್ಕು ಸೀಲ್ ಮಾಡಿದ ಕಂಟೈನ್‌ಮೆಂಟ್ ಜಾಗದಲ್ಲಿ ಕ್ಲಿನಿಕ್ ಬಂದ್. ಕೆಂಪು ವಲಯದಲ್ಲಿ ತುರ್ತು ಇದ್ದರೆ ಮಾತ್ರ. ಕಿತ್ತಳೆ, ಹಸಿರು ವಲಯದಲ್ಲಿ ತೋರಿಸಿಕೊಳ್ಳಬಹುದು, ಆದರೆ ತುರ್ತು ಕೆಲಸ ಬಿಟ್ಟು ಬೇರೆ ಮಾಡುವ ಹಾಗಿಲ್ಲ. ಕ್ಲೀನಿಂಗ್, ಸಣ್ಣ ಹುಳುಕು ತುಂಬುವುದು, ಕ್ಯಾಪ್, ಎಲ್ಲ ಮುಂದಕ್ಕೆ. ಕೇಳಲು ಸರಿಯಾಗಿದೆ. ಆದರೆ ಇವತ್ತಿನ ಸಣ್ಣ ಹುಳುಕೇ ಆರು ತಿಂಗಳು ಬಿಟ್ಟು ತುರ್ತು ಆಗುವುದು. ಮುಂದಕ್ಕೆ ಹಾಕಿ ಅಂದರೆ ಹುಳುಕು ಒಪ್ಪುತ್ತದಾ?

ಆಗ ನಡೆದ ಇನ್ನೊಂದು ವಿಷಯವನ್ನು ಯಾರೂ ಜೋರಾಗಿ ಹೇಳುವುದಿಲ್ಲ. ಹಲ್ಲು ಕೀಳುವುದಕ್ಕೆ ಸಾಮಾನ್ಯವಾಗಿ ಏರೋಟರ್ ಬೇಡ. ಇಂಜೆಕ್ಷನ್ ಕೊಟ್ಟು ಇಕ್ಕಳದಲ್ಲಿ ತೆಗೆದರೆ ಆಯಿತು. ನೀರು ಚಿಮ್ಮುವುದಿಲ್ಲ, ಒಂದೇ ಸಲಕ್ಕೆ ಮುಗಿಯುತ್ತದೆ. ಅದೇ ಹಲ್ಲನ್ನು ಒಳಗಿನದು ತೆಗೆದು ಉಳಿಸುವ ರೂಟ್ ಕೆನಾಲ್ ಅಂದರೆ ಏರೋಟರ್ ಬೇಕೇ ಬೇಕು. ಹೆಚ್ಚು ಹೊತ್ತು ಕೂರಬೇಕು, ಎರಡು ಮೂರು ಸಲ ಬರಬೇಕು. ಬಸ್ ಇಲ್ಲ, ಸಕಲೇಶಪುರದ ತೋಟದ ಕೆಲಸದವರು ಮೂರು ಸಲ ಹಾಸನಕ್ಕೆ ಹೇಗೆ ಬರಬೇಕು? ಬಿಲ್ಲಿನಲ್ಲಿ ಬೇರೆ ಪಿಪಿಇ ಕಿಟ್ ಅಂತ ಹೊಸ ಸಾಲು ಸೇರಿತ್ತು. ಹಾಗಾಗಿ ಕೀಳುವುದೇ ಸುರಕ್ಷಿತ, ಅದೇ ಅಗ್ಗ, ಅದೇ ಸುಲಭ ಅಂತಾಯಿತು. ಕಾರಿದ್ದವರು, ದುಡ್ಡಿದ್ದವರು ಬೆಂಗಳೂರಿಗೋ ಮೈಸೂರಿಗೋ ಹೋಗಿ ಹಲ್ಲು ಉಳಿಸಿಕೊಂಡರು. ಉಳಿದವರು ಕೀಳಿಸಿಕೊಂಡರು. ಅದರಲ್ಲೂ ಆರನೇ ವಯಸ್ಸಿಗೆ ಬರುವ ಮೊದಲ ದವಡೆ ಹಲ್ಲು. ಹಾಲು ಹಲ್ಲು ಅಂದುಕೊಂಡು ಎಷ್ಟೋ ತಾಯಂದಿರು ಅದನ್ನು ಬಿಟ್ಟುಬಿಡುತ್ತಾರೆ. ಅದು ಹೋದರೆ ಮತ್ತೆ ಹುಟ್ಟುವುದಿಲ್ಲ.

ಭಯ ಎಷ್ಟು ನಿಜ ಇತ್ತು ಅನ್ನೋದು ಆಮೇಲೆ ಗೊತ್ತಾಯಿತು. 2020ರ ಜೂನ್‌ನಲ್ಲಿ ಅಮೆರಿಕದ ಹಲ್ಲಿನ ಡಾಕ್ಟರ್‌ಗಳ ನಡುವೆ ಸಮೀಕ್ಷೆ ಮಾಡಿದಾಗ ಸೋಂಕು ತಗುಲಿದವರು ನೂರಕ್ಕೆ ಒಬ್ಬರಿಗಿಂತ ಕಡಿಮೆ. ಸಮೀಕ್ಷೆಯಲ್ಲಿದ್ದ ಹೆಚ್ಚಿನವರು ಸರಿಯಾದ ಮಾಸ್ಕ್, ಫೇಸ್ ಶೀಲ್ಡ್ ಹಾಕಿಕೊಂಡು ಕೆಲಸ ಮಾಡುತ್ತಿದ್ದವರು. 2021ರಲ್ಲಿ ಅಲ್ಲಿನ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದವರು ಆ ಮಂಜಿನಲ್ಲಿ ಏನಿದೆ ಅಂತ ಪರೀಕ್ಷಿಸಿದರು. ಹೆಚ್ಚಿನದು ಯಂತ್ರದಿಂದ ಬಂದ ನೀರೇ, ಎಂಜಲಿನ ಪಾಲು ತೀರಾ ಕಡಿಮೆ. 2020ರ ಮಾರ್ಚ್‌ನಲ್ಲಿ ಇದು ಯಾರಿಗೂ ಗೊತ್ತಿರಲಿಲ್ಲ, ಒಪ್ಪೋಣ. ಆದರೆ ಮಾಸ್ಕ್ ಸಿಗಲು ಶುರುವಾದ ಮೇಲೂ, ಬಾರ್ ತೆರೆದ ಮೇಲೂ, ಹಲ್ಲಿನ ಕುರ್ಚಿಗೆ ಹೊದಿಸಿದ ಬಟ್ಟೆ ತೆಗೆಯಲು ಅಷ್ಟು ತಡ ಯಾಕೆ?

ಎರಡನೇ ಅಲೆ ಬೇರೆಯದೇ ಪಾಠ. 2021ರ ಮೇ ತಿಂಗಳು. ದಿನಸಿಗೆ ಬೆಳಿಗ್ಗೆ ಆರರಿಂದ ಹತ್ತು. ಹಾಸನದಲ್ಲಿ ಸೋಂಕು ವಿಪರೀತ. ಕೊರೊನಾದಿಂದ ಎದ್ದು ಬಂದ ಶುಗರ್ ರೋಗಿಗಳು ಕೆಲವರು ಮೇಲಿನ ಹಲ್ಲು ಅಲ್ಲಾಡುತ್ತಿದೆ, ಕೆನ್ನೆ ಮರಗಟ್ಟಿದ ಹಾಗಿದೆ ಅನ್ನುತ್ತಿದ್ದರು. ಕಪ್ಪು ಶಿಲೀಂಧ್ರ ಮೂಗು, ಸೈನಸ್‌ನಿಂದ ಮೇಲ್ದವಡೆಗೆ ಇಳಿದಾಗ ಹೀಗೇ ಕಾಣಿಸಿಕೊಳ್ಳಬಹುದು. ಶುಗರ್ ಏರಿದವರಿಗೆ, ಸ್ಟೆರಾಯ್ಡ್ ಜಾಸ್ತಿ ತೆಗೆದುಕೊಂಡವರಿಗೆ ಅಪಾಯ ಹೆಚ್ಚು. ಆ ತಿಂಗಳೇ ರಾಜ್ಯ ಸರ್ಕಾರ ಅದನ್ನು ವರದಿ ಮಾಡಲೇಬೇಕಾದ ಕಾಯಿಲೆ ಅಂತ ಘೋಷಿಸಿತು. ಅದರ ಔಷಧಿ ಆಂಫೊಟೆರಿಸಿನ್ ಇಂಜೆಕ್ಷನ್‌ಗೆ ಜನ ಊರೂರು ಅಲೆದರು. ಹಲ್ಲು ನೋಡುವವರು ಮೊದಲೇ ನೋಡಿದ್ದರೆ ದಿನಗಳು ಉಳಿಯುತ್ತಿದ್ದವು. ಆ ಕಾಯಿಲೆಯಲ್ಲಿ ದಿನಗಳೇ ಲೆಕ್ಕ. ಎಲೆಅಡಿಕೆ, ಗುಟ್ಕಾ ಹಾಕುವವರ ಬಾಯಿಯ ಬಿಳಿ ಮಚ್ಚೆ, ಮಾಯದ ಹುಣ್ಣು ಕೂಡ ಮೊದಲು ಕಣ್ಣಿಗೆ ಬೀಳುವುದು ಹಲ್ಲಿನ ಕುರ್ಚಿಯಲ್ಲೇ. ಕುರ್ಚಿ ಖಾಲಿ ಇದ್ದಷ್ಟು ದಿನ ಅವೂ ಯಾರ ಕಣ್ಣಿಗೂ ಬೀಳಲಿಲ್ಲ.

ಹಲ್ಲಿನ ಡಾಕ್ಟರ್‌ಗಳು ಆಗ ಎಲ್ಲಿದ್ದರು ಅಂತೀರಾ? ಸರ್ಕಾರಿ ಕೆಲಸದಲ್ಲಿದ್ದ ಎಷ್ಟೋ ಜನರನ್ನು ಗಂಟಲ ದ್ರವ ತೆಗೆಯುವ ಡ್ಯೂಟಿಗೆ ಹಾಕಿದ್ದರು. ಬಾಯೊಳಗೆ ಕೈ ಹಾಕಿ ಗೊತ್ತಿರುವವರು, ಸರಿ. ಆದರೆ ಇದನ್ನು ಯೋಚಿಸಿ. ಸೋಂಕಿರಬಹುದಾದ ನೂರು ಜನರ ಗಂಟಲಿಗೆ ಕಡ್ಡಿ ಹಾಕಲು ಕಿಟ್ ಕೊಟ್ಟವರಿಗೆ, ಅದೇ ಕಿಟ್ ಕೊಟ್ಟು ದಿನಕ್ಕೆ ಹತ್ತು ಜನರ ಹಲ್ಲು ನೋಡಲು ಬಿಡಬಹುದಾಗಿತ್ತು ಅಂತ ಅನ್ನಿಸಲಿಲ್ಲವಾ?

ಇದರ ಹಿಂದೆ ಹಳೆಯ ರೋಗ ಒಂದಿದೆ. ಹಲ್ಲು ಅಂದರೆ ನಮಗೆ ಶೋಕಿ. ಆರೋಗ್ಯ ವಿಮೆಯವರೂ ಹಾಗೇ. ಅಪಘಾತದಲ್ಲಿ ಮುರಿದರೆ ಮಾತ್ರ ಕೊಡುತ್ತಾರೆ, ಹುಳುಕಿಗೆ ಸಾಮಾನ್ಯವಾಗಿ ಇಲ್ಲ. ಸರ್ಕಾರದ 'ದಂತ ಭಾಗ್ಯ' ಒಳ್ಳೆಯ ಯೋಜನೆ. ಬಿಪಿಎಲ್ ಕಾರ್ಡಿನ ಹಿರಿಯರಿಗೆ ಹಲ್ಲಿನ ಸೆಟ್ ಉಚಿತ. ನಾನೇ ಕೆಲವರಿಗೆ ಹೇಳಿ ಕಳಿಸಿದ್ದೇನೆ. ಆದರೆ ಎಲ್ಲ ಹಲ್ಲೂ ಹೋದ ಮೇಲೆ ಸೆಟ್ ಕೊಡುವ ವ್ಯವಸ್ಥೆಗೆ, ಇರುವ ಒಂದು ಹಲ್ಲು ಉಳಿಸಲು ಯಾಕೆ ಅಷ್ಟು ಉತ್ಸಾಹ ಇಲ್ಲ ಅನ್ನೋದು ನನಗೆ ಇವತ್ತಿಗೂ ತಿಳಿದಿಲ್ಲ.

ಮುಂದೆ ಇನ್ನೊಂದು ಸಾಂಕ್ರಾಮಿಕ ಬಂದರೆ ನನ್ನ ಬೇಡಿಕೆ ದೊಡ್ಡದಲ್ಲ. ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ಹಲ್ಲಿನ ಒಂದು ಕೋಣೆ ಮೊದಲ ದಿನದಿಂದಲೇ ತೆರೆದಿರಲಿ. ಕಿಟಕಿ ಇರುವ, ಗಾಳಿ ಆಡುವ ಕೋಣೆ. ಬಾಯಿಯ ನೀರನ್ನು ಜೋರಾಗಿ ಎಳೆಯುವ ಸಕ್ಷನ್, ಬಾಯಿಗೆ ಅಡ್ಡ ಕಟ್ಟುವ ರಬ್ಬರ್ ಹಾಳೆ. ಇವೆರಡಿದ್ದರೆ ರೂಟ್ ಕೆನಾಲ್‌ನಲ್ಲೂ ಎಂಜಲು ಹಾರುವುದು ಬಹಳ ಕಡಿಮೆ. ಹಲ್ಲು ತೋರಿಸಲು ಹೋಗುವವರಿಗೆ ಪಾಸ್ ಕೇಳದಿರಲಿ. ಹಾಸನದಲ್ಲಂತೂ ಡೆಂಟಲ್ ಕಾಲೇಜೇ ಇದೆ. ಡಾಕ್ಟರ್‌ಗಳಿಗೆ ಬರವಿಲ್ಲ.

ಹಾಸನ, ಚಿಕ್ಕಮಗಳೂರು ಕಡೆಯ ಸರ್ಕಾರಿ ಆಸ್ಪತ್ರೆಗಳಲ್ಲಿ ಆಗ ಇದ್ದ ಹಲ್ಲಿನ ಡಾಕ್ಟರ್‌ಗಳು ಇದನ್ನು ಓದುತ್ತಿದ್ದರೆ ಕೆಳಗೆ ಬರೆಯಿರಿ. ನಿಮ್ಮನ್ನು ಯಾವ ಡ್ಯೂಟಿಗೆ ಹಾಕಿದ್ದರು? ಕುರ್ಚಿ ಮತ್ತೆ ಶುರುವಾಗಿದ್ದು ಯಾವ ತಿಂಗಳು? ಆ ವರ್ಷ ಕಿತ್ತದ್ದೆಷ್ಟು, ಉಳಿಸಿದ್ದೆಷ್ಟು, ನಿಮ್ಮ ಓಪಿಡಿ ಪುಸ್ತಕದಲ್ಲಿ ಇದ್ದೇ ಇರುತ್ತದೆ. ಹೆಸರು ಹಾಕೋದು ಬೇಡ ಅನ್ನಿಸಿದರೆ ಇನ್‌ಬಾಕ್ಸ್‌ಗೆ ಕಳಿಸಿ.