ಟಾರಿಗಿಳಿದ ನೈಟ್ರೋ ಟ್ರಕ್: ಎಂಜಿನ್ ಕೊನೆಗೆ ಇರಲಿ

ಮಣ್ಣಲ್ಲಿ ಓಡಿಸೋಕೆ ಅಂತ ಮಾಡಿದ ನೈಟ್ರೋ ಟ್ರಕ್ಕನ್ನು (ರಿಮೋಟಿನಲ್ಲಿ ಓಡಿಸುವ, ನೈಟ್ರೋಮೀಥೇನ್ ಬೆರೆಸಿದ ಇಂಧನದ ಸಣ್ಣ ಎಂಜಿನ್ ಇರುವ ಮಾಡೆಲ್ ಟ್ರಕ್) ಟಾರಿನ ಮೇಲೆ ಓಡುವ ಹಾಗೆ ಬದಲಾಯಿಸ್ತೀನಿ ಅಂತ ಊರಿನ ಗೆಳೆಯರಿಗೆ ಹೇಳಿದೆ. ಹೇಳಿದ್ದೇ ತಡ, "ಯಾವ ಎಂಜಿನ್ ಹಾಕ್ತೀಯಾ?" ಅಂತ ಕೇಳಿದರು. ಇಲ್ಲಿ ನನ್ನ ಜೊತೆ ಓಡಿಸುವ ಒಬ್ಬ ಹಿರಿಯರಿಗೂ ಅದನ್ನೇ ಹೇಳಿದೆ. ಅವರು ಕೇಳಿದ್ದು ಬೇರೆ. "ಬ್ರೇಕ್ ಹೇಗಿದೆ?"

ಊರು ಬಿಟ್ಟು ಬಂದಾಗ ನಾನೂ ಎಂಜಿನ್ ಪಾರ್ಟಿಯೇ. ದೊಡ್ಡ ಎಂಜಿನ್, ಶಕ್ತಿ ಹೆಚ್ಚಿಸುವ ಹೊಗೆ ಕೊಳವೆ (ಟ್ಯೂನ್ಡ್ ಪೈಪ್), ನೈಟ್ರೋ ಜಾಸ್ತಿ ಇರುವ ಇಂಧನ, ಅಷ್ಟಿದ್ದರೆ ಸಾಕು ಅನ್ನುವ ಜಾತಿ. ಈಗ ಇಲ್ಲಿಯವರ ಕಡೆ ವಾಲಿದ್ದೇನೆ. ಬುದ್ಧಿ ಬಂದು ವಾಲಿದ್ದಲ್ಲ, ಗೋಡೆಗೆ ಗುದ್ದಿ ವಾಲಿದ್ದು.

ಆದದ್ದು ಇಷ್ಟು. ಖಾಲಿ ಪಾರ್ಕಿಂಗ್ ಜಾಗ, ಒಳ್ಳೆ ಬಿಸಿಲು, ಟ್ರಕ್ಕಿನಲ್ಲಿ ಹೊಸ ಎಂಜಿನ್, ಆದರೆ ಒಳಗೆ ಹಳೇ ಬ್ಯಾಟರಿ. ನೈಟ್ರೋ ಗಾಡಿಯಲ್ಲಿ ಒಂದೇ ಸರ್ವೋ (ರಿಮೋಟ್ ಹೇಳಿದಂತೆ ತಿರುಗುವ, ಬ್ಯಾಟರಿಯಲ್ಲಿ ಓಡುವ ಪುಟ್ಟ ಮೋಟಾರ್) ಕಾರ್ಬುರೇಟರನ್ನೂ ಬ್ರೇಕನ್ನೂ ನೋಡಿಕೊಳ್ಳುತ್ತದೆ. ಒಂದು ಕಡೆ ಎಳೆದರೆ ಗಾಳಿ, ಇನ್ನೊಂದು ಕಡೆ ಎಳೆದರೆ ಬ್ರೇಕ್. ಬ್ಯಾಟರಿ ಸತ್ತಿತು ಅಂದ್ರೆ ಸರ್ವೋ ಇದ್ದಲ್ಲೇ ಕೂರುತ್ತದೆ, ಎಂಜಿನ್ ಮಾತ್ರ ಓಡ್ತಾನೇ ಇರುತ್ತದೆ, ಅದಕ್ಕೆ ಬ್ಯಾಟರಿಯ ಹಂಗೇ ಇಲ್ಲ ಅಲ್ವಾ? ನನ್ನದು ಮುಕ್ಕಾಲು ಥ್ರಾಟಲ್‌ನಲ್ಲಿ ಕೂತಿತ್ತು. ಮುಂದಿನ ಎರಡು ತೋಳು, ಬಂಪರ್, ಒಂದು ಶಾಕ್ ಟವರ್, ಎಲ್ಲಾ ಹೋಯಿತು. ಗೋಡೆಗೆ ಏನೂ ಆಗಲಿಲ್ಲ.

ಫೇಲ್‌ಸೇಫ್ ಇತ್ತಲ್ಲ ಅಂತೀರಾ? ಇತ್ತು. ಸಿಗ್ನಲ್ ತಪ್ಪಿದಾಗ ಸರ್ವೋವನ್ನು ಬ್ರೇಕ್ ಕಡೆ ತಳ್ಳುವುದು ಅದರ ಕೆಲಸ. ಆದರೆ ತಳ್ಳೋಕೂ ಕರೆಂಟ್ ಬೇಕು. ಬ್ಯಾಟರಿಯೇ ಸತ್ತಾಗ ಉಳಿಯುವುದು ಕಾರ್ಬುರೇಟರಿಗೆ ಸಿಕ್ಕಿಸುವ ಸಣ್ಣ ರಿಟರ್ನ್ ಸ್ಪ್ರಿಂಗ್ ಒಂದೇ. ಅದಿದ್ದರೆ ಥ್ರಾಟಲ್ ತಾನಾಗಿ ಮುಚ್ಚಿಕೊಳ್ಳುತ್ತದೆ. ನಾನು ಅದನ್ನು "ಸುಮ್ನೆ ಅಡ್ಡ" ಅಂತ ತೆಗೆದಿಟ್ಟಿದ್ದೆ. ಇಡೀ ಟ್ರಕ್ಕಿನಲ್ಲಿ ಅದಕ್ಕಿಂತ ಅಗ್ಗದ ಭಾಗ ಇರಲಿಕ್ಕಿಲ್ಲ. ಈಗ 5 ಸೆಲ್‌ನ 6 ವೋಲ್ಟ್ ನಿಕಲ್ ಬ್ಯಾಟರಿ, ಮೆಟಲ್ ಗೇರ್ ಸರ್ವೋ, ಮತ್ತೆ ಆ ಸ್ಪ್ರಿಂಗ್. ಪ್ರತಿ ಸಲ ಚಕ್ರ ಎತ್ತಿ ಹಿಡಿದು ರಿಮೋಟ್ ಆಫ್ ಮಾಡಿ ನೋಡುತ್ತೇನೆ. ಬ್ರೇಕ್ ಹಿಡಿದರೆ ಮಾತ್ರ ನೆಲಕ್ಕೆ.

4 ಕಿಲೋ ತೂಕದ ಟ್ರಕ್ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಗುದ್ದುವುದೂ, ಅದನ್ನು ಸುಮಾರು 14 ಮೀಟರ್ ಎತ್ತರದಿಂದ ಎತ್ತಿ ಹಾಕುವುದೂ ಒಂದೇ. ಯಾರ ಕಾಲಿಗಾದರೂ ಬಿದ್ದರೆ? ಅದಕ್ಕೇ ಟಾರು ಅಂದ್ರೆ ನನ್ನ ಲೆಕ್ಕದಲ್ಲಿ ಜನ, ವಾಹನ ಇಲ್ಲದ ಖಾಲಿ ಜಾಗ. ಕಾರು ಓಡಿಸುವವನಿಗೆ ಮೊಣಕಾಲಿಗಿಂತ ಕೆಳಗಿರುವ ಈ ವಸ್ತು ಕಾಣುವುದೇ ಇಲ್ಲ.

ಇನ್ನು ಟೈರು. ಹೆಚ್ಚು ಕಲಿತದ್ದು ಇಲ್ಲೇ. ಮಣ್ಣಿನ ಗುಬ್ಬಿ ಗುಬ್ಬಿ ಟೈರು ಟಾರಿನ ಮೇಲೆ ರಬ್ಬರ್ ಉಜ್ಜಿದ ಹಾಗೆ ಸವೆಯುತ್ತದೆ, ಅದು ಗೊತ್ತಿತ್ತು. ಗೊತ್ತಿಲ್ಲದ್ದು ಟೈರು ಉಬ್ಬುವ ವಿಷಯ. ವೇಗ ಏರಿದಂತೆ ಮೆತ್ತನೆ ರಬ್ಬರು ಹೊರಗೆ ಹಿಗ್ಗಿ ಮಧ್ಯದಲ್ಲಿ ಚೂಪಾಗುತ್ತದೆ, ನೆಲಕ್ಕೆ ತಾಗುವುದು ಒಂದು ಸಣ್ಣ ಪಟ್ಟಿ ಅಷ್ಟೇ. ಅದೇ ಹೊತ್ತಿಗೆ ನೀವು ಸ್ಟೀರಿಂಗ್ ತಿರುಗಿಸಿದರೆ ಏನಾಗುತ್ತದೋ ಊಹಿಸಿ. ಒಳಗೆ ಪಟ್ಟಿ ಇರುವ ಬೆಲ್ಟೆಡ್ ಟೈರು ಹಾಕಿದರೆ ಈ ಕಾಟ ಬಹಳ ಮಟ್ಟಿಗೆ ಹೋಗುತ್ತದೆ. ಊರಿನ ಗೆಳೆಯ ಹಳೇ ಟೈರಿನ ಒಳಗೇ ಬಲವಾದ ಟೇಪ್ ಎರಡು ಮೂರು ಸುತ್ತು ಸುತ್ತಿ ಅಂಟಿಸಿ ಅದೇ ಕೆಲಸ ಮಾಡಿಕೊಂಡ. ಇಲ್ಲಿಯವರಿಗೆ ತೋರಿಸಿದೆ, ನಕ್ಕರು. ಅವರಿಗೆ ಪ್ಯಾಕೆಟ್ ಒಡೆಯುವುದೇ ರಿಪೇರಿ. ನಾನು ಟೇಪಿನ ಪರ. ಆದರೆ ಎರಡು ಕಡೆಯೂ ಒಂದೇ ಸಮ ಸುತ್ತಬೇಕು, ಇಲ್ಲದಿದ್ದರೆ ಗಾಡಿ ನಡುಗುತ್ತದೆ.

ಒಳ್ಳೆ ಟೈರು ಹಾಕಿದ ಮೇಲೆ ಹೊಸ ತಲೆನೋವು. ಹಿಡಿತ ಜಾಸ್ತಿ ಆಯಿತು, ಟ್ರಕ್ ಜಾರುವ ಬದಲು ಮಗುಚಲು ಶುರು ಮಾಡಿತು. ಮಣ್ಣಿಗೆ ಬೇಕಾದ ಎತ್ತರ ಇಲ್ಲಿ ಶತ್ರು. ತಗ್ಗಿಸಿದೆ, ಗಟ್ಟಿ ಸ್ಪ್ರಿಂಗ್ ಹಾಕಿದೆ, ಶಾಕ್‌ಗೆ ದಪ್ಪ ಎಣ್ಣೆ, ಹಿಂದೆ ಮುಂದೆ ಸ್ವೇ ಬಾರ್, ಅಂದ್ರೆ ತಿರುವಿನಲ್ಲಿ ಗಾಡಿ ವಾಲದ ಹಾಗೆ ತಡೆಯುವ ಕಂಬಿ. ಡಿಫರೆನ್ಷಿಯಲ್‌ಗೂ ದಪ್ಪ ಸಿಲಿಕಾನ್ ಎಣ್ಣೆ, ಇಲ್ಲಾಂದ್ರೆ ತಿರುವಿನಲ್ಲಿ ಒಳಗಿನ ಚಕ್ರ ಸುಮ್ಮನೆ ಸುತ್ತುತ್ತದೆ. ಪೆಟ್ಟು ಬಿದ್ದಾಗ ಜಾರಿ ಗೇರನ್ನು ಉಳಿಸುವ ಸ್ಲಿಪ್ಪರ್ ಕ್ಲಚ್ ಪೂರ್ತಿ ಬಿಗಿ ಮಾಡಬೇಡಿ. ಮಣ್ಣಲ್ಲಿ ಚಕ್ರ ಜಾರಿ ಪೆಟ್ಟು ತಪ್ಪಿಸುತ್ತದೆ, ಟಾರಿನಲ್ಲಿ ಆ ಪೆಟ್ಟು ನೇರ ಗೇರಿನ ಹಲ್ಲಿಗೆ.

ಗೆಳೆಯರು ಬಿಡಲಿಲ್ಲ. ಎಂಜಿನ್ ಬೇಡವಾದರೆ ಗೇರಾದರೂ ಬದಲಾಯಿಸು ಅಂದರು. ಸರಿ, ಲೆಕ್ಕ ಹಾಕೋಣ. ಕ್ಲಚ್ ಬೆಲ್ (ಎಂಜಿನ್ ಕಡೆಯ ಹಲ್ಲಿನ ಗೇರು) 20 ಹಲ್ಲಿನದು ತೆಗೆದು 22ರದು ಹಾಕಿದರೆ ಎಂಜಿನ್ ಅಷ್ಟೇ ಸುತ್ತಿದರೂ ಗಾಡಿ ನೂರಕ್ಕೆ 10ರಷ್ಟು ಜಾಸ್ತಿ ಓಡುತ್ತದೆ. ಆದರೆ ಅದೇ ಬ್ರೇಕಿನಲ್ಲಿ ನಿಲ್ಲಲು ಬೇಕಾದ ದೂರ ನೂರಕ್ಕೆ 21ರಷ್ಟು ಏರುತ್ತದೆ. ಜೊತೆಗೆ ಹೊರಡುವಾಗ ಕ್ಲಚ್ ಹೆಚ್ಚು ಹೊತ್ತು ಜಾರಿ ಬಿಸಿಯಾಗುತ್ತದೆ. ಬ್ರೇಕ್ ಪ್ಯಾಡ್ ಬದಲಾಯಿಸದೆ ಈ ಕೆಲಸಕ್ಕೆ ಕೈ ಹಾಕಿದರೆ, ಮೊದಲೇ ಕೋತಿ, ಮೇಲೆ ಹೆಂಡ ಕುಡೀತು ಅಂದ ಹಾಗೆ. ಇಂಧನದ ತುಂಬಾ ಇರುವುದು ಮೆಥನಾಲೇ ಆದ್ದರಿಂದ ಗಾದೆ ಇನ್ನೂ ಚೆನ್ನಾಗಿ ಕೂರುತ್ತದೆ. (ಕೋತಿಗೂ ಕುಡಿಸಬೇಡಿ, ವಿಷ ಅದು. ಹೊತ್ತಿಕೊಂಡರೆ ಹಗಲಲ್ಲಿ ಜ್ವಾಲೆಯೂ ಸರಿಯಾಗಿ ಕಾಣಲ್ಲ.)

ಒಂದು ವಿಷಯದಲ್ಲಿ ಮಾತ್ರ ಊರಿನವರ ಮುಂದೆ ಇಲ್ಲಿಯವರು ಏನೂ ಅಲ್ಲ: ಕಿವಿ. ಇಲ್ಲಿ ಪ್ರತಿಯೊಬ್ಬರ ಕೈಯಲ್ಲೂ ಥರ್ಮಾಮೀಟರ್. ಇಂಧನ ಹೊತ್ತಿಸುವ ಗ್ಲೋ ಪ್ಲಗ್ ಹತ್ತಿರ 105, 110 ಡಿಗ್ರಿ ಇದ್ದರೆ ಸಮಾಧಾನ, 130 ದಾಟಿದರೆ ಗಾಬರಿ. ನನ್ನ ಗೆಳೆಯ ಫೋನಲ್ಲಿ ಸದ್ದು ಕೇಳಿಯೇ "ಲೀನ್ ಆಗಿದೆ, ಹೈ ಸ್ಪೀಡ್ ಸೂಜಿ ಸ್ವಲ್ಪ ಬಿಚ್ಚು" ಅಂದ. ಲೀನ್ ಅಂದ್ರೆ ಗಾಳಿಗೆ ಹೋಲಿಸಿದರೆ ಇಂಧನ ಕಡಿಮೆ, ರಿಚ್ ಅಂದ್ರೆ ಜಾಸ್ತಿ; ಇಂಧನ ಎಷ್ಟು ಹೋಗಬೇಕು ಅಂತ ನೋಡುವುದು ಆ ಸೂಜಿ. ಹೊಗೆ ನೋಡಿದರೆ ನಿಜ, ಇರಲೇ ಇಲ್ಲ. ಟಾರಿನ ಮೇಲೆ ಉದ್ದಕ್ಕೆ ಪೂರ್ತಿ ಥ್ರಾಟಲ್ ಕೊಡುವುದರಿಂದ ಮಣ್ಣಿನ ಟ್ಯೂನಿಂಗ್ ಇಲ್ಲಿ ಸಾಲುವುದಿಲ್ಲ. ಈ ಎಂಜಿನ್ನಿಗೆ ಎಣ್ಣೆ ಬರುವುದೂ ಇಂಧನದ ಜೊತೆಗೇ, ಹಾಗಾಗಿ ಇಂಧನ ಕಡಿಮೆ ಆದರೆ ಎಣ್ಣೆಯೂ ಕಡಿಮೆ. ಪಿಸ್ಟನ್ ಒಣಗಿ ಸಾಯುತ್ತದೆ. ಸ್ವಲ್ಪ ರಿಚ್ ಆಗಿಯೇ ಬಿಡಿ, ನಾಲ್ಕು ಜನ "ಹೊಗೆ ಜಾಸ್ತಿ" ಅಂದರೆ ಅನ್ನಲಿ.

ಬ್ಯಾಟರಿಯಲ್ಲಿ ಓಡುವ ಬ್ರಷ್‌ಲೆಸ್ ಮೋಟಾರ್ ಹಾಕಿದರೆ ಇಷ್ಟು ಗೋಳೇ ಇಲ್ಲ ಅಂತ ಎರಡೂ ಕಡೆಯವರು ಹೇಳುತ್ತಾರೆ. ಹೌದು, ಇಲ್ಲ. ನನಗೆ ಈ ಗೋಳೇ ಇಷ್ಟ.

22 ಹಲ್ಲಿನ ಕ್ಲಚ್ ಬೆಲ್ ತರಿಸಿಟ್ಟಿದ್ದೇನೆ, ಸುಳ್ಳು ಯಾಕೆ ಹೇಳಲಿ. ಡಬ್ಬಿ ಇನ್ನೂ ಒಡೆದಿಲ್ಲ. ಬ್ರೇಕ್ ಪ್ಯಾಡ್ ಬರಬೇಕು.